ಮಜ್ದಾ ಆರ್‌ಎಕ್ಸ್-8: ಕೊಳ್ಳುವ ಮುನ್ನ ಸೆಲ್ಫ್ ಹೊಡೆದು ನೋಡಿ

ಮಜ್ದಾ ಆರ್‌ಎಕ್ಸ್-8 ಓಡಿಸಿ ಬೈದವರು ಕಡಿಮೆ, ಬೆಳಿಗ್ಗೆ ಸ್ಟಾರ್ಟ್ ಆಗದೆ ಬೈದವರೇ ಹೆಚ್ಚು. 2003ರಿಂದ 2012ರವರೆಗೆ ತಯಾರಾದ ಈ ರೋಟರಿ ಕಾರು ಭಾರತಕ್ಕೆ ಅಧಿಕೃತವಾಗಿ ಬರಲಿಲ್ಲ. ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿರುವವರಿಗೆ ಮಾತ್ರ ಸೆಕೆಂಡ್ ಹ್ಯಾಂಡ್‌ನಲ್ಲಿ ಆಸೆ ಹುಟ್ಟಿಸುವ ಬೆಲೆಗೆ ಸಿಗುತ್ತದೆ. ಬೆಲೆ ಅಷ್ಟು ಇಳಿಯಲು ಒಂದು ದೊಡ್ಡ ಕಾರಣ, ಎಂಜಿನ್ ಪೆಟ್ರೋಲ್ ಕುಡಿದು ಕೂತುಬಿಡುವ ಚಾಳಿ. ಗ್ಯಾರೇಜಿನವರ ಬಾಯಲ್ಲಿ ‘ಫ್ಲಡ್ ಆಗೋದು’.

ಓಟದ ಬಗ್ಗೆ ತಕರಾರಿಲ್ಲ. 1308 ಸಿಸಿ, ಎರಡು ರೋಟರ್, ಮ್ಯಾನ್ಯುಯಲ್ ಗೇರಿನ ಹೈ ಪವರ್ ಮಾದರಿ 9000 ಆರ್‌ಪಿಎಂವರೆಗೆ ನುಣ್ಣಗೆ ಏರುತ್ತದೆ. ಸ್ಟೀರಿಂಗ್ ಕೈಗೆ ಮಾತಾಡುತ್ತದೆ. ಮೈಲೇಜ್ ಕೇಳಬೇಡಿ.

ಫ್ಲಡ್ ಆಗುವುದು ಹೀಗೆ. ಈ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ; ಒರಳಿನಲ್ಲಿ ಗುಂಡುಕಲ್ಲು ತಿರುಗಿದ ಹಾಗೆ ಮೂರು ಮೂಲೆಯ ರೋಟರ್ ತಿರುಗುತ್ತದೆ. ಆ ಮೂಲೆಗಳಲ್ಲಿರುವ ಅಪೆಕ್ಸ್ ಸೀಲ್‌ಗಳು ತೆಳುವಾದ ಆಯಿಲ್ ಪೊರೆಯ ನೆರವಿನಿಂದ ಗಾಳಿಯನ್ನು ಹಿಡಿದಿಡುತ್ತವೆ. ತಣ್ಣಗಿರುವ ಎಂಜಿನ್‌ಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಆಗ ಕಾರನ್ನು ಶೆಡ್ಡಿನಿಂದ ಹತ್ತು ಅಡಿ ಹೊರಗೆ ತಂದು ಆಫ್ ಮಾಡಿದರೆ, ಉರಿಯದೆ ಉಳಿದ ಪೆಟ್ರೋಲ್ ಆ ಪೊರೆಯನ್ನೇ ತೊಳೆದುಹಾಕುತ್ತದೆ. ಕಂಪ್ರೆಶನ್ (ಒಳಗೆ ಹಿಡಿದಿಟ್ಟ ಗಾಳಿಯ ಒತ್ತಡ) ಬೀಳುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಮತ್ತೆ ಸೆಲ್ಫ್ ಹೊಡೆದಷ್ಟೂ ಇನ್ನಷ್ಟು ಪೆಟ್ರೋಲ್ ಒಳಗೆ. ಹಿಂದಿನ ಆರ್‌ಎಕ್ಸ್-7ರಲ್ಲಿ ಹೊಗೆ ಹೋಗುವ ದಾರಿ ಹೊರಗೋಡೆಯಲ್ಲಿತ್ತು. ಇದರಲ್ಲಿ ಪಕ್ಕದ ಗೋಡೆಗೆ ಸರಿದಿದೆ. ಹೊಗೆಯ ಶುದ್ಧತೆಗೆ ಅದು ಒಳ್ಳೆಯದೇ, ಆದರೆ ಒಳಗೆ ನಿಂತ ಪೆಟ್ರೋಲ್ ಸುಲಭವಾಗಿ ಹೊರಬೀಳುವುದಿಲ್ಲ.

ಫ್ಲಡ್ ಆದಾಗ ಮೊದಲ ಉಪಾಯಕ್ಕೆ ಸ್ಪ್ಯಾನರ್ ಬೇಡ. ಆಕ್ಸಿಲರೇಟರನ್ನು ಪೂರ್ತಿ ನೆಲಕ್ಕೆ ಒತ್ತಿಹಿಡಿದು, ಆಮೇಲೆ ಎಂಟು-ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪೆಡಲ್ ಪೂರ್ತಿ ಕೆಳಗಿದ್ದರೆ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ನಿಲ್ಲಿಸುತ್ತದೆ, ಬರೀ ಗಾಳಿ ಹೋಗುತ್ತದೆ. ಅರ್ಧ ಒತ್ತಿದರೆ ತಿರುಗುಮುರುಗು ಆಗುತ್ತದೆ, ಎಚ್ಚರ. ಒಂದು ನಿಮಿಷ ಬಿಟ್ಟು, ಪೆಡಲ್ ಮುಟ್ಟದೆ ಸ್ಟಾರ್ಟ್ ಮಾಡಿ. ಮೂರು ಸಲಕ್ಕೆ ಏಳದಿದ್ದರೆ ನಿಲ್ಲಿಸಿ. ಬ್ಯಾಟರಿ ಇಳಿದು ಸೆಲ್ಫ್ ನಿಧಾನವಾದರೆ ಏಳುವ ಸಾಧ್ಯತೆ ಇನ್ನೂ ಕಡಿಮೆ.

ಮುಂದಿನದು ಪ್ಲಗ್ ಬಿಚ್ಚುವ ಕೆಲಸ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಫ್ಯುಯೆಲ್ ಪಂಪ್ ಫ್ಯೂಸ್ ತೆಗೆಯಿರಿ, ಪ್ಲಗ್‌ಗೆ ಕಿಡಿ ಒದಗಿಸುವ ನಾಲ್ಕೂ ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ. ಹೊರಚಿಮ್ಮುವ ಪೆಟ್ರೋಲ್‌ಗೆ ಒಂದು ಕಿಡಿ ಸಾಕು, ಇದನ್ನು ಮರೆಯುವ ಹಾಗಿಲ್ಲ. ಪ್ಲಗ್‌ಗಳು ಎಂಜಿನ್‌ನ ಎಡಗಡೆ, ಚಕ್ರದ ಹಿಂದೆ. ಎಡ ಮುಂಚಕ್ರ ಬಿಚ್ಚಿದರೆ ಕೈ ಸಲೀಸಾಗಿ ಹೋಗುತ್ತದೆ. ಬೇಕಾದದ್ದು 21 ಮಿ.ಮೀ. ಪ್ಲಗ್ ಸಾಕೆಟ್. ಕೆಳಗಿನ ಎರಡು ಲೀಡಿಂಗ್, ಮೇಲಿನ ಎರಡು ಟ್ರೇಲಿಂಗ್. ಎರಡೂ ಬೇರೆ ಬೇರೆ ಪ್ಲಗ್, ಅದಲುಬದಲು ಮಾಡಬಾರದು. ವೈರ್‌ಗಳಿಗೆ ಮೊದಲೇ ಗುರುತು ಹಾಕಿ. ಕೆಳಗಿನ ಎರಡನ್ನು ಬಿಚ್ಚಿ, ಬಾಯಿಗೆ ಬಟ್ಟೆ ಇಟ್ಟು, ಐದಾರು ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆಯಿರಿ. ನಂತರ ಪ್ರತಿ ತೂತಿಗೂ ಸಿರಿಂಜಿನಲ್ಲಿ ಸುಮಾರು 5 ಮಿ.ಲೀ. ಎಂಜಿನ್ ಆಯಿಲ್ ಅಥವಾ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು, ಒಂದು ಕ್ಷಣ ಸೆಲ್ಫ್ ತಟ್ಟಿ, ಮತ್ತೆ ಅಷ್ಟೇ ಬಿಡಿ. ಒಂದೊಂದು ರೋಟರ್‌ಗೆ ಮೂರು ಮುಖ. ಎಲ್ಲಕ್ಕೂ ಆಯಿಲ್ ತಲುಪಬೇಕು. ರೋಟರ್‌ಗೆ 15 ಮಿ.ಲೀ. ದಾಟಿದರೆ ಹೊಸ ಪ್ಲಗ್ಗೂ ಕೊಳೆಯಾಗುತ್ತದೆ. ಒಣಗಿದ, ಆದಷ್ಟೂ ಹೊಸ ಪ್ಲಗ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಪ್ಲಗ್ ಕೂರುವ ಹೌಸಿಂಗ್ (ಎಂಜಿನ್‌ನ ಹೊರಕವಚ) ಅಲ್ಯೂಮಿನಿಯಂ, ತೂತಿನ ಥ್ರೆಡ್ ಹೋದರೆ ಕಥೆ ಮುಗಿಯಿತು.

ಫ್ಯೂಸ್, ಕನೆಕ್ಟರ್ ಎಲ್ಲ ಸೇರಿಸಿ ಸ್ಟಾರ್ಟ್ ಮಾಡಿದಾಗ ಬೀದಿ ತುಂಬುವಷ್ಟು ಬಿಳಿ ಹೊಗೆ ಬರುತ್ತದೆ. ಹೆದರಬೇಡಿ, ಹಾಕಿದ ಆಯಿಲ್ ಉರಿಯುತ್ತಿದೆ, ಬಯಲಿನಲ್ಲೇ ಮಾಡಿ. ಎಂಜಿನ್ ಬಿಸಿಯಾಗುವವರೆಗೆ ಆಫ್ ಮಾಡಬೇಡಿ. ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಬದಲಿಸಿ. ತಳ್ಳಿ ಅಥವಾ ಎಳೆಸಿ ಸ್ಟಾರ್ಟ್ ಮಾಡಲು ಹೋಗಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಇಳಿದು, ಅಲ್ಲಿ ಉರಿದು ಅದನ್ನೇ ಕರಗಿಸಬಹುದು.

ತಡೆಯುವುದು ಇದಕ್ಕಿಂತ ಸುಲಭ. ಟೆಂಪರೇಚರ್ ಮುಳ್ಳು ಮೇಲೇಳುವ ಮುನ್ನ ಆಫ್ ಮಾಡಬಾರದು. ಮಾಡಲೇಬೇಕಾದರೆ 3000 ಆರ್‌ಪಿಎಂನಲ್ಲಿ ಹತ್ತು ಸೆಕೆಂಡ್ ಹಿಡಿದು, ಕಾಲು ತೆಗೆದು, ಇಳಿಯುತ್ತಿರುವಾಗಲೇ ಕೀ ತಿರುಗಿಸಿ. ಕಾಯಿಲ್‌ಗಳು ಈ ಕಾರಿನ ದುರ್ಬಲ ಭಾಗ. ಸುಮಾರು 50 ಸಾವಿರ ಕಿ.ಮೀ.ಗೆ ಪ್ಲಗ್ ಜೊತೆ ನಾಲ್ಕನ್ನೂ ಬದಲಿಸುವುದು ಲೇಸು. ಮೊದಲ ವರ್ಷಗಳ ಸೆಲ್ಫ್ ಮೋಟರ್ ನಿಧಾನ. ಆಮೇಲೆ ಬಂದ 2 ಕಿಲೋವ್ಯಾಟ್‌ನದನ್ನು ಹಾಕಿಸಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ನಾಲ್ಕು ಕಾಸು ಖರ್ಚು ಮಾಡುವುದಿದ್ದರೆ ಮೊದಲು ಇದಕ್ಕೆ, ಆಮೇಲೆ ಸೈಲೆನ್ಸರ್‌ಗೆ.

ಇನ್ನು ಕೊಳ್ಳುವ ಮಾತು. ತಣ್ಣಗಿದ್ದಾಗ ಒಮ್ಮೆ ಫ್ಲಡ್ ಆದ ಕಾರು ಕೆಟ್ಟದ್ದೇ ಆಗಬೇಕಿಲ್ಲ. ಅದು ಓಡಿಸಿದವರ ಅವಸರ ಇರಬಹುದು. ಆದರೆ ಬ್ಯಾಟರಿ, ಸೆಲ್ಫ್, ಕಾಯಿಲ್ ಎಲ್ಲ ಸರಿಯಿದ್ದೂ, ಚೆನ್ನಾಗಿ ಬಿಸಿಯಾದ ಎಂಜಿನ್ ಆಫ್ ಮಾಡಿ ಹತ್ತು ನಿಮಿಷದ ಮೇಲೆ ಏಳಲು ಮೀನಮೇಷ ಎಣಿಸಿದರೆ ಕಂಪ್ರೆಶನ್ನೇ ಹೋಗಿದೆ ಎಂದು ಅನುಮಾನಿಸಿ. ಇದೇ ಎಂಜಿನ್‌ಗಾಗಿ ಅಮೆರಿಕದಲ್ಲಿ 2004ರಿಂದ 2008ರ ಮಾದರಿಗಳಿಗೆ ಕಂಪನಿ ವಾರಂಟಿಯನ್ನು 8 ವರ್ಷ, 1 ಲಕ್ಷ ಮೈಲಿಗೆ ವಿಸ್ತರಿಸಬೇಕಾಯಿತು. ಪಿಸ್ಟನ್ ಎಂಜಿನ್‌ನ ಸಾಮಾನ್ಯ ಗೇಜ್ ಇಲ್ಲಿ ಸಾಲದು, ಅದು ಮೂರು ಮುಖಗಳಲ್ಲಿ ಹೆಚ್ಚಿನದೊಂದನ್ನೇ ತೋರಿಸುತ್ತದೆ. ರೋಟರಿ ಟೆಸ್ಟರ್‌ನಲ್ಲಿ ಆರೂ ಅಂಕಿ ಬರೆಸಿಕೊಳ್ಳಿ. 250 ಆರ್‌ಪಿಎಂಗೆ ಸರಿಹೊಂದಿಸಿದಾಗ ಹೊಸ ಎಂಜಿನ್ ಚದರ ಸೆಂಟಿಮೀಟರಿಗೆ 8.5 ಕೆ.ಜಿ. ಆಸುಪಾಸು ತೋರಬೇಕು, 6.9 ಕಟ್ಟಕಡೆಯ ಮಿತಿ. ಯಾವುದೇ ಮುಖ ಅದರ ಕೆಳಗಿದ್ದರೆ ಎಂಜಿನ್ ರೀಬಿಲ್ಡ್ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಟೆಸ್ಟ್‌ಗೇ ಒಪ್ಪದವರ ಕಾರು ಬೇಡ.