ಒಂದೇ ಧಾನ್ಯದ ಎರಡು ಪ್ಯಾಕೆಟ್: ಎರಡು ತಿಂಗಳು ಓಟ್ಸ್ ತಿಂದು ನೋಡಿದ ಮೇಲೆ

ಕಳೆದ ಎರಡು ತಿಂಗಳಿಂದ ಬೆಳಗಿನ ಆಹಾರಕ್ಕೆ ಒಂದೇ ಕಂಪನಿಯ ಎರಡು ಬಗೆಯ ಓಟ್ಸ್ ಬಳಸಿದ್ದೇನೆ. ಮೊದಲ ತಿಂಗಳು ಬಿಸಿ ಹಾಲು ಸುರಿದರೆ ಮೂರು ನಿಮಿಷದಲ್ಲಿ ಸಿದ್ಧವಾಗುವ, ಹಣ್ಣಿನ ಸ್ವಾದದ ಇನ್‌ಸ್ಟಂಟ್ ಓಟ್ಸ್; ಎರಡನೆಯ ತಿಂಗಳು ಏನನ್ನೂ ಬೆರೆಸದ, ದಪ್ಪನೆಯ ರೋಲ್ಡ್ ಓಟ್ಸ್, ಅಂದರೆ ಚಪ್ಪಟೆಯಾಗಿ ಒತ್ತಿದ ಕಾಳು. ಎರಡೂ ಪ್ಯಾಕೆಟ್‌ಗಳ ಮುಂಭಾಗದಲ್ಲಿ ‘ಇಡಿಧಾನ್ಯ’, ‘ದೀರ್ಘಕಾಲದ ಶಕ್ತಿ’, ‘ತೂಕ ನಿಯಂತ್ರಣಕ್ಕೆ ಸಹಕಾರಿ’ ಎಂಬ ಅವೇ ಮಾತುಗಳಿವೆ. ಒಂದರ ಮಟ್ಟಿಗೆ ಅವು ನಿಜವೆನಿಸಿದವು, ಇನ್ನೊಂದರ ಮಟ್ಟಿಗೆ ಅಲ್ಲ.

ಎರಡನ್ನೂ 40 ಗ್ರಾಂ ತೂಗಿ, ಅಷ್ಟೇ ಹಾಲಿನೊಂದಿಗೆ, ಬೆಳಿಗ್ಗೆ ಎಂಟು ಗಂಟೆಗೆ ತಿನ್ನುತ್ತಿದ್ದೆ. ಇನ್‌ಸ್ಟಂಟ್ ಓಟ್ಸ್ ತಿಂದ ದಿನಗಳಲ್ಲಿ ಹತ್ತೂವರೆಯ ಹೊತ್ತಿಗೆ ಹೊಟ್ಟೆ ಚುರುಗುಟ್ಟಿ, ಕೆಲಸದ ಮೇಲಿನ ಗಮನ ಜಾರಿ, ಏನಾದರೂ ಸಿಹಿ ತಿನ್ನಬೇಕೆಂಬ ಆಸೆ ಹುಟ್ಟುತ್ತಿತ್ತು. ರೋಲ್ಡ್ ಓಟ್ಸ್ ತಿಂದ ದಿನಗಳಲ್ಲಿ ಮಧ್ಯಾಹ್ನದ ಊಟದವರೆಗೆ ಹಸಿವಿನ ನೆನಪೇ ಆಗುತ್ತಿರಲಿಲ್ಲ.

ಕಾರಣ ಪ್ಯಾಕೆಟ್‌ನ ಹಿಂಭಾಗದಲ್ಲಿದೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ನಮೂದಿಸುವುದರಿಂದ ಆ ಪಟ್ಟಿಯ ಮೊದಲ ಮೂರು ಹೆಸರುಗಳನ್ನು ಓದಿದರೆ ಬಹುಪಾಲು ವಿಷಯ ತಿಳಿದಂತೆಯೇ. ರೋಲ್ಡ್ ಓಟ್ಸ್‌ನಲ್ಲಿ ಇರುವುದು ಒಂದೇ ಹೆಸರು. ಇನ್‌ಸ್ಟಂಟ್ ಓಟ್ಸ್‌ನಲ್ಲಿ ಓಟ್ಸ್ ಆದೊಡನೆ ಸಕ್ಕರೆ, ಅದರ ಬೆನ್ನಿಗೆ ಮಾಲ್ಟೋಡೆಕ್ಸ್ಟ್ರಿನ್, ಅಂದರೆ ಪಿಷ್ಟವನ್ನು ಒಡೆದು ಮಾಡಿದ ಪುಡಿ. 100 ಗ್ರಾಮಿಗೆ 20 ಗ್ರಾಂ ಸೇರಿಸಿದ ಸಕ್ಕರೆ ಎಂದರೆ ಒಂದು ಬಟ್ಟಲಿಗೆ 8 ಗ್ರಾಂ, ಸುಮಾರು ಎರಡು ಚಮಚ. ಸೇರಿಸಿದ ಸಕ್ಕರೆಯಂಥವು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2,000 ಕ್ಯಾಲೊರಿ ತಿನ್ನುವವರಿಗೆ ಆ ಶೇ. 5 ಎಂದರೆ ಸುಮಾರು 25 ಗ್ರಾಂ. ಅದರ ಮೂರನೇ ಒಂದು ಭಾಗ ಬೆಳಗಿನ ಬಟ್ಟಲಿನಲ್ಲೇ ಮುಗಿದುಹೋಗುತ್ತದೆ. ಮಾಲ್ಟೋಡೆಕ್ಸ್ಟ್ರಿನ್ ಸಾಮಾನ್ಯವಾಗಿ ಸಕ್ಕರೆಯ ಲೆಕ್ಕಕ್ಕೆ ಸೇರುವುದಿಲ್ಲ, ಆದರೂ ರಕ್ತದ ಗ್ಲೂಕೋಸನ್ನು ಅದು ಬಹಳ ವೇಗವಾಗಿ ಏರಿಸುತ್ತದೆ. ಕೊಳ್ಳುವವರು ಇದನ್ನು ತಿಳಿದಿರಲೇಬೇಕು.

ಸಕ್ಕರೆಯನ್ನು ಬದಿಗಿಟ್ಟರೂ ವ್ಯತ್ಯಾಸ ಉಳಿಯುತ್ತದೆ. ಇನ್‌ಸ್ಟಂಟ್ ಓಟ್ಸನ್ನು ಮೊದಲೇ ಬೇಯಿಸಿ, ತೆಳುವಾಗಿ ಒತ್ತಿ, ಒಣಗಿಸಿರುತ್ತಾರೆ. ಅದರ ಪಿಷ್ಟ ಆಗಲೇ ಅರಳಿರುವುದರಿಂದ ಜೀರ್ಣರಸಗಳು ಅದನ್ನು ಬೇಗ ಒಡೆದು ಗ್ಲೂಕೋಸ್ ಮಾಡುತ್ತವೆ. ಒಂದು ಆಹಾರ ರಕ್ತದ ಗ್ಲೂಕೋಸನ್ನು ಎಷ್ಟು ಏರಿಸುತ್ತದೆ ಎಂದು ತೋರಿಸುವ ಗ್ಲೈಸೆಮಿಕ್ ಸೂಚ್ಯಂಕದ ಪ್ರಕಟಿತ ಕೋಷ್ಟಕಗಳಲ್ಲಿ ರೋಲ್ಡ್ ಓಟ್ಸ್ ಗಂಜಿಯ ಸರಾಸರಿ ಸುಮಾರು 55, ಇನ್‌ಸ್ಟಂಟ್ ಗಂಜಿಯದು ಸುಮಾರು 79. 55 ಮತ್ತು ಅದಕ್ಕಿಂತ ಕೆಳಗಿನದು ಕಡಿಮೆ, 70 ಮತ್ತು ಅದರ ಮೇಲಿನದು ಹೆಚ್ಚು ಎಂಬುದು ಆ ಸೂಚ್ಯಂಕದ ಲೆಕ್ಕ. ರೋಲ್ಡ್ ಓಟ್ಸ್ ಬೇಯುವಾಗ ಸೌಟಿಗೆ ಅಂಟುವ ಲೋಳೆಯಂಥ ಅಂಶವೇ ಬೀಟಾ ಗ್ಲುಕಾನ್ ಎಂಬ ಕರಗುವ ನಾರು. ಅದು ಹೊಟ್ಟೆಯಲ್ಲೂ ಹಾಗೆಯೇ ದಟ್ಟವಾಗಿ ನಿಂತು ಗ್ಲೂಕೋಸ್ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ.

ಹಾಗೆಂದು ಪಿಷ್ಟ, ಸಕ್ಕರೆಗಳಂಥ ಕಾರ್ಬೋಹೈಡ್ರೇಟನ್ನೇ ಬಿಟ್ಟುಬಿಡುವುದು ಪರಿಹಾರವೆಂದು ನನಗೆ ಅನಿಸುವುದಿಲ್ಲ. ಹಾಗೆ ಬಿಟ್ಟವರ ತೂಕ ಮೊದಲ ವಾರದಲ್ಲಿ ಸರ್ರನೆ ಇಳಿಯುವುದಕ್ಕೆ ದೊಡ್ಡ ಕಾರಣ ನೀರು. ದೇಹ ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ; ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ, ಗ್ಲೈಕೋಜನ್ ಕರಗಿದಾಗ ಅದೂ ಹೊರಹೋಗುತ್ತದೆ. 2018ರಲ್ಲಿ ಪ್ರಕಟವಾದ, 609 ಮಂದಿಯನ್ನು ಒಂದು ವರ್ಷ ಗಮನಿಸಿದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಕಡಿಮೆ ಕೊಬ್ಬಿನ ಮತ್ತು ಕಡಿಮೆ ಕಾರ್ಬೋಹೈಡ್ರೇಟಿನ ಗುಂಪುಗಳ ನಡುವೆ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ರೋಲ್ಡ್ ಓಟ್ಸ್‌ನ ಕುಂದುಗಳನ್ನೂ ಹೇಳಬೇಕು. ಬೇಯಲು ಎಂಟು ಹತ್ತು ನಿಮಿಷ ಬೇಕು. ರಾತ್ರಿಯೇ ನೆನೆಸಿಟ್ಟರೆ ಅರ್ಧಕ್ಕಿಳಿಯುತ್ತದೆ. ಮೊದಲ ವಾರ ಹೊಟ್ಟೆ ಉಬ್ಬರಿಸಿತು, ಆದ್ದರಿಂದ ಕಡಿಮೆ ಅಳತೆಯಿಂದ ಆರಂಭಿಸಿ, ನೀರು ಹೆಚ್ಚು ಕುಡಿಯುವುದು ಲೇಸು. ನನ್ನನ್ನು ಹೆಚ್ಚು ಕಾಡಿದ್ದು ಅಳತೆಯ ವಿಷಯ. ಪ್ಯಾಕೆಟ್‌ನಲ್ಲಿ ‘ಒಂದು ಬಾರಿಗೆ ಸಾಕಷ್ಟು’ ಎಂದಷ್ಟೇ ಬರೆದಿದ್ದರು. ಒಂದು ದಿನ ತೂಗದೆ ಕಣ್ಣಳತೆಯಲ್ಲಿ ಸುರಿದುಕೊಂಡದ್ದನ್ನು ಆಮೇಲೆ ತೂಗಿದಾಗ 70 ಗ್ರಾಂ ಇತ್ತು. 40 ಗ್ರಾಮಿನಲ್ಲಿ ಸುಮಾರು 150 ಕ್ಯಾಲೊರಿ ಇದ್ದರೆ 70 ಗ್ರಾಮಿನಲ್ಲಿ 260ರ ಮೇಲಾಗುತ್ತದೆ. ನಿಧಾನವಾಗಿ ಜೀರ್ಣವಾಗುವುದಾದರೂ ಹೆಚ್ಚು ತಿಂದರೆ ಹೆಚ್ಚೇ. ಪ್ಯಾಕೆಟ್‌ನೊಳಗೆ ಒಂದು ಅಳತೆಯ ಚಮಚವನ್ನಾದರೂ ಇಡಬೇಕೆಂದು ಕಂಪನಿಗೆ ಬರೆದಿದ್ದೇನೆ.

ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ಬೆಳಗಿನ ಆಹಾರ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಒಗ್ಗದವರು ಗ್ಲುಟನ್‌ರಹಿತ ಎಂದು ನಮೂದಾಗಿರುವ ಪ್ಯಾಕೆಟನ್ನೇ ಕೊಳ್ಳಬೇಕು. ಉಳಿದವರಿಗೆ ಈ ಕಂಪನಿಯ ರೋಲ್ಡ್ ಓಟ್ಸನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಹಣ್ಣಿನ ಸ್ವಾದದ ಪ್ಯಾಕೆಟನ್ನು ನಾನು ಮತ್ತೆ ಕೊಳ್ಳುವುದಿಲ್ಲ. ಆ ಸ್ವಾದ ಬೇಕೆನಿಸಿದ ದಿನ ಬಟ್ಟಲಿಗೆ ಹಣ್ಣನ್ನೇ ಹೆಚ್ಚಿ ಹಾಕಿಕೊಳ್ಳುತ್ತೇನೆ.