ಮಳೆಗಾಲದ ಕರೆಂಟು, ಅಂಗಡಿಯ ಸರ್ವರ್: ಯಾವ ಓಎಸ್ ಹಾಕೋಣ?

ಉಡುಪಿಯಲ್ಲಿ ಜೂನ್ ಬಂತೆಂದರೆ ಸಿಡಿಲು, ಕರೆಂಟಿನ ಕಣ್ಣಾಮುಚ್ಚಾಲೆ. ಅಂಗಡಿ ಲೆಕ್ಕದ ಸರ್ವರ್‌ಗೆ ಯಾವ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಹಾಕೋಣ: ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಒಳ್ಳೆಯದಾ, ಯುನಿಕ್ಸ್ ಮನೆತನದ ಫ್ರೀಬಿಎಸ್‌ಡಿಯಾ, ವಿಂಡೋಸ್ ಸರ್ವರಾ?

ದಿನಗಟ್ಟಲೆ ಹ್ಯಾಂಗ್ ಆಗದೆ ಓಡುವುದರಲ್ಲಿ ಮೂರೂ ಗಟ್ಟಿ. ವ್ಯತ್ಯಾಸ ಇರುವುದು ಫೈಲ್ ಸಿಸ್ಟಮ್‌ನಲ್ಲಿ, ಅಂದರೆ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಲ್ಲಿ. ಡೆಬಿಯನ್ನಿನ ಎಕ್ಸ್‌ಟಿ4 ಜರ್ನಲ್ (ಮಾಡಲಿರುವ ಬದಲಾವಣೆಗಳ ಟಿಪ್ಪಣಿ) ಇಡುತ್ತದೆ, ಹಾಗಾಗಿ ಕರೆಂಟು ಹೋಗಿ ಬಂದರೆ ಬೇಗ ಎದ್ದು ನಿಲ್ಲುತ್ತದೆ. ಆದರೆ ಡಿಸ್ಕ್‌ನಲ್ಲಿ ಒಂದು ಬಿಟ್ ಸದ್ದಿಲ್ಲದೆ ಕೆಟ್ಟರೆ? ಫೈಲಿನ ಡೇಟಾಗೆ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಲ್ಲ. ಕೆಟ್ಟದ್ದನ್ನೇ ನಿಮಗೆ ಬಡಿಸುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಕಥೆಯೂ ಇದೇ.

ಫ್ರೀಬಿಎಸ್‌ಡಿಯ ಝಡ್‌ಎಫ್‌ಎಸ್ ಪ್ರತಿ ಬ್ಲಾಕಿಗೂ (ಡೇಟಾದ ತುಣುಕಿಗೂ) ಚೆಕ್‌ಸಮ್ ಬರೆಯುತ್ತದೆ. ಹಳೆಯದರ ಮೇಲೆ ತಿದ್ದದೆ ಹೊಸ ಜಾಗದಲ್ಲಿ ಬರೆಯುವುದರಿಂದ, ಅರ್ಧಕ್ಕೆ ಕರೆಂಟು ಹೋದರೂ ಹಳೆಯ ಪ್ರತಿ ಉಳಿದಿರುತ್ತದೆ. ಎರಡು ಡಿಸ್ಕಿನ ಮಿರರ್ (ಎರಡರಲ್ಲೂ ಒಂದೇ ಡೇಟಾ) ಇದ್ದರೆ ಕೆಟ್ಟ ಬ್ಲಾಕನ್ನು ತಾನೇ ಸರಿಮಾಡುತ್ತದೆ. ಒಂದೇ ಡಿಸ್ಕ್ ಆದರೆ ಸಾಮಾನ್ಯವಾಗಿ ‘ಕೆಟ್ಟಿದೆ’ ಅನ್ನುತ್ತದೆ, ಅಷ್ಟೇ. ತಿಂಗಳಿಗೊಮ್ಮೆ ಸ್ಕ್ರಬ್ (ಡೇಟಾವನ್ನೆಲ್ಲ ಓದಿ ಚೆಕ್‌ಸಮ್ ತಾಳೆ ನೋಡುವ ಕೆಲಸ) ಓಡಿಸಬೇಕು.

ನನ್ನ ಓಟು ಫ್ರೀಬಿಎಸ್‌ಡಿಗೇ. ಆದರೆ ರಿಪೇರಿಗೆ ಬರುವವರು ಲಿನಕ್ಸ್ ಮಾತ್ರ ಬಲ್ಲವರಾದರೆ ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟು ಹಾಕಿ. 16.04 ಆವೃತ್ತಿಯಿಂದಲೇ ಅದರಲ್ಲಿ ಝಡ್‌ಎಫ್‌ಎಸ್ ಸಿಗುತ್ತದೆ. ಟ್ಯಾಲಿ ಬೇಕೇ ಬೇಕು ಅಂದರೆ ಮಾತ್ರ ವಿಂಡೋಸ್, ಮತ್ತೆ ಜಾಸ್ತಿ ಬ್ಯಾಕಪ್. ಯುಪಿಎಸ್ ಅಂತೂ ಮೂರಕ್ಕೂ ಬೇಕು.