ಬಿಗಿ ಹಿಡಿದದ್ದು, ಬಿಟ್ಟದ್ದು: ಕೂರಲಾಗದ ನೋವಿಗೆ ನಾನು ಮಾಡಿ ನೋಡಿದ್ದು

ನೋವು ಎಲ್ಲಿ ಅಂತ ಮೊದಲೇ ಹೇಳಿಬಿಡುತ್ತೇನೆ. ಹೇಳೋಕೆ ನಾಚಿಕೆಯಾಗಿ ಎರಡು ವರ್ಷ ಸುಮ್ನೆ ಕಳೆದೆ. ವೃಷಣಕ್ಕೂ ಗುದಕ್ಕೂ ನಡುವಿನ ಜಾಗ. ಅಲ್ಲಿ ನಿಂಬೆಹಣ್ಣು ಇಟ್ಟು ಅದರ ಮೇಲೆ ಕೂತ ಹಾಗೆ. ಜೊತೆಗೆ ಕಿಬ್ಬೊಟ್ಟೆ ಭಾರ. ಉಚ್ಚೆ ಹೊಯ್ದು ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸುವುದು, ತುದಿಯಲ್ಲಿ ಸಣ್ಣ ಉರಿ. ನಾನು ತುಮಕೂರಿನ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ಅದು ಸಾಲದು ಅಂತ ಕ್ಯಾತ್ಸಂದ್ರದಿಂದ ಬೈಕು.

ಮನೆಯಲ್ಲಿ ‘ಉಷ್ಣ ಆಗಿದೆ’ ಅಂದರು. ಹೊಕ್ಕುಳಿಗೆ ಹರಳೆಣ್ಣೆ, ಬಾರ್ಲಿ ನೀರು, ಎಳನೀರು. ಹಾನಿ ಇಲ್ಲ, ನನಗೆ ಉಪಯೋಗವೂ ಆಗಲಿಲ್ಲ.

ಆಮೇಲೆ ಮಾತ್ರೆ. ಒಂದು ಕ್ಲಿನಿಕ್ಕಿನಲ್ಲಿ ಪ್ರೊಸ್ಟೇಟಿಗೆ, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಗೆ, ಇನ್ಫೆಕ್ಷನ್ ಅಂತ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರು. ಮೊದಲ ವಾರ ಆರಾಮ ಅನ್ನಿಸಿತು, ಮುಗಿದ ಹತ್ತು ದಿನಕ್ಕೆ ಮತ್ತೆ ಅದೇ. ಹೀಗೆ ಮೂರು ಕೋರ್ಸ್. ಮೂರು ಸಲವೂ ಯೂರಿನ್ ಕಲ್ಚರ್‌ನಲ್ಲಿ ಏನೂ ಬೆಳೆದಿರಲಿಲ್ಲ. ಇಲ್ಲದ ಕೀಟಾಣುವಿಗೆ ಮೂರು ಸಲ ಔಷಧಿ, ಎಂಥಾ ಲೆಕ್ಕ ಅಲ್ವಾ? ಕೊನೆಗೆ ಒಬ್ಬ ಯುರಾಲಜಿಸ್ಟ್ ಕೂರಿಸಿ ಹೇಳಿದರು. ಪ್ರೊಸ್ಟೇಟೈಟಿಸ್ (ಪ್ರೊಸ್ಟೇಟಿನ ಉರಿಯೂತ) ಅಂತ ಬರುವ ಗಂಡಸರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನಕ್ಕೆ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲವಂತೆ. ಕೊನೆಯ ಆರು ತಿಂಗಳಲ್ಲಿ ಮೂರು ತಿಂಗಳಾದರೂ ನೋವಿದ್ದು, ಬೇರೆ ಕಾರಣ ಸಿಗದಿದ್ದರೆ ಅದಕ್ಕೆ ಕ್ರಾನಿಕ್ ಪೆಲ್ವಿಕ್ ಪೇನ್ ಸಿಂಡ್ರೋಮ್ ಅನ್ನುತ್ತಾರೆ. ತುಂಬಾ ಜನರಲ್ಲಿ ಕೆಳಗಿನ ಮಾಂಸಖಂಡ ಬಿಗಿ ಹಿಡಿದಿರುತ್ತದೆ. ಹಾಗಂತ ಪರೀಕ್ಷೆ ಬಿಟ್ಟು ನೇರ ವ್ಯಾಯಾಮಕ್ಕೆ ಹಾರಬೇಡಿ. ಜ್ವರ, ಉಚ್ಚೆಯಲ್ಲಿ ರಕ್ತ, ಉಚ್ಚೆ ಕಟ್ಟುವುದು, ತೊಡೆಸಂದು ಮರಗಟ್ಟುವುದು ಇದ್ದರೆ ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ನನಗೆ ಇವು ಯಾವುದೂ ಇರಲಿಲ್ಲ, ಸ್ಕ್ಯಾನೂ ಸರಿಯಿತ್ತು.

ಮಾಂಸಖಂಡ ಅಂದ ಕೂಡಲೇ ಮೊಬೈಲ್ ನೋಡಿಕೊಂಡು ಕೆಗೆಲ್ ಶುರು ಮಾಡಿದೆ. ಬಿಗಿ ಹಿಡಿ, ಹತ್ತು ಎಣಿಸು, ಬಿಡು. ಬೆಳಿಗ್ಗೆ ಐವತ್ತು, ಸಂಜೆ ಐವತ್ತು. ಮೂರನೇ ವಾರಕ್ಕೆ ಕುರ್ಚಿಯಲ್ಲಿ ಅರ್ಧ ಗಂಟೆಯೂ ಕೂರಲಾಗಲಿಲ್ಲ. ಇನ್ನೂ ಜಾಸ್ತಿ ಮಾಡಬೇಕೇನೋ ಅಂತ ಎಪ್ಪತ್ತೈದಕ್ಕೆ ಏರಿಸಿದೆ. ನನ್ನ ಬುದ್ಧಿಗೆ ಏನು ಹೇಳೋದು! ಅಮೆರಿಕದ ಆರ್ನಾಲ್ಡ್ ಕೆಗೆಲ್ ಅನ್ನುವ ಸ್ತ್ರೀರೋಗ ತಜ್ಞರು 1948ರಲ್ಲಿ ಇದನ್ನು ಬರೆದದ್ದು ಹೆರಿಗೆಯಾದ ಮೇಲೆ ಉಚ್ಚೆ ಸೋರುವ ಹೆಂಗಸರಿಗೋಸ್ಕರ. ನನ್ನದು ಸೋರುವ ಕೇಸಲ್ಲ, ಬಿಡದ ಕೇಸು.

ಇದು ಗೊತ್ತಾದದ್ದು ಬೆಂಗಳೂರಿನ ಫಿಸಿಯೋಥೆರಪಿಸ್ಟ್ ಒಬ್ಬರಿಂದ. ಮುಂದಿನ ಮೂಳೆಯಿಂದ ಬಾಲದ ಮೂಳೆವರೆಗೆ ಹಗ್ಗದ ಮಂಚದ ಹಾಗೆ ಮಾಂಸಖಂಡ ಹೆಣೆದಿದೆ. ಮಂಚ ಜೋತುಬಿದ್ದಿದ್ದರೆ ಹಗ್ಗ ಬಿಗಿಯಬೇಕು. ನನ್ನ ಮಂಚ ಆಗಲೇ ಹಲಗೆಯಾಗಿತ್ತು, ನಾನು ಇನ್ನೂ ಎಳೆಯುತ್ತಿದ್ದೆ. ಅವರು ಹೇಳಿಕೊಟ್ಟದ್ದು ಪೂರಾ ಉಲ್ಟಾ. ಚಾಪೆ ಮೇಲೆ ಮಲಗಿ, ಕಾಲು ಕುರ್ಚಿ ಮೇಲಿಟ್ಟು, ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರು ಎಳೆಯಬೇಕು. ಎದೆಗೂ ಹೊಟ್ಟೆಗೂ ನಡುವಿನ ಪರದೆ, ಅಂದರೆ ವಪೆ, ಕೆಳಗಿಳಿದಾಗ ಈ ಮಂಚವೂ ಸ್ವಲ್ಪ ಇಳಿಯುತ್ತದೆ. ತಿಣುಕಬಾರದು. ಉಚ್ಚೆ ಶುರುವಾಗುವ ಗಳಿಗೆಯಲ್ಲಿ ಒಳಗೆ ಏನೋ ಸಡಿಲವಾಗುತ್ತದಲ್ಲ, ಅಷ್ಟೇ ಬೇಕಾದದ್ದು. ಮೊದಲ ಹದಿನೈದು ದಿನ ಏನೂ ಗೊತ್ತಾಗಲಿಲ್ಲ. ಕೆಗೆಲ್‌ನಲ್ಲಿ ಕೆಲಸ ಮಾಡಿದ ತೃಪ್ತಿಯಾದರೂ ಇತ್ತು, ಇಲ್ಲಿ ಅದೂ ಇಲ್ಲ. ಒಂದು ರಾತ್ರಿ ಉಸಿರು ಎಳೆದಾಗ ಬಾಲದ ಮೂಳೆ ಹತ್ತಿರ ಏನೋ ಬೆಣ್ಣೆಯ ಹಾಗೆ ಜಾರಿತು. ನಾನು ಇಡೀ ದಿನ ಬಿಗಿ ಹಿಡಿದುಕೊಂಡೇ ಬದುಕುತ್ತಿದ್ದೆ ಅಂತ ಆಗ ಗೊತ್ತಾಯಿತು. ಲೆಕ್ಕ ತಾಳೆಯಾಗದಾಗ, ಮಾಲೀಕರ ಫೋನ್ ಬಂದಾಗ, ಬೈಕು ಹಂಪ್ ಹತ್ತುವಾಗ.

ಇನ್ನು ಒತ್ತಿ ಬಿಡಿಸುವುದು. ಇದರಲ್ಲಿ ಎರಡು ದಾರಿ ನೋಡಿದೆ, ಮಗನ ಟೆನಿಸ್ ಬಾಲು ಮತ್ತು ಫಿಸಿಯೋ ಅವರ ಬೆರಳು. ಹೌದು, ಗ್ಲೌಸ್ ಹಾಕಿ ಗುದದ ಒಳಗಿಂದಲೇ. ಮೊದಲ ಸಲ ಮುಜುಗರಕ್ಕೆ ಬೆವರಿಳಿಯಿತು. ಅವರು ಒಳಗೆ ಮುಂಭಾಗದಲ್ಲಿ ಒಂದು ಜಾಗ ಮೆತ್ತಗೆ ಒತ್ತಿದರು. ಉರಿ ಎದ್ದದ್ದು ಅಲ್ಲಲ್ಲ, ತುದಿಯಲ್ಲಿ! ಎರಡು ವರ್ಷದಿಂದ ಉಚ್ಚೆ ಉರಿ ಅಂದುಕೊಂಡಿದ್ದದ್ದು ಅದೇ. ‘ಇದೇನಾ?’ ಅಂದರು. ‘ಇದೇ’ ಅಂದೆ, ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ಮಾಂಸಖಂಡದಲ್ಲಿ ಬಿಗಿದುಕೊಂಡ ಇಂಥ ಗಂಟಿಗೆ ಟ್ರಿಗರ್ ಪಾಯಿಂಟ್ ಅನ್ನುತ್ತಾರೆ.

ಬಾಲಿಗೆ ದುಡ್ಡಿಲ್ಲ, ಮುಜುಗರವಿಲ್ಲ. ಗೋಡೆಗೆ ಬಾಲಿಟ್ಟು ಕುಂಡೆಯ ಪಕ್ಕದ ಮಾಂಸ ಒರಗಿಸಿದರೆ ಪಿರಿಫಾರ್ಮಿಸ್ ಅನ್ನುವ ಆಳದ ಮಾಂಸಖಂಡ ಸಡಿಲವಾಗುತ್ತದೆ, ಸೊಂಟ ಹಗುರ. ಆದರೆ ಒಳಗಿನ ಗಂಟಿಗೆ ಅದು ಮುಟ್ಟುವುದೇ ಇಲ್ಲ. ಒಂದು ದಿನ ಆಸೆಗೆ ಬಿದ್ದು ಕಾಲು ಗಂಟೆ ಒತ್ತಿದೆ, ಕಾಲು ಹಿಮ್ಮಡಿವರೆಗೆ ಜೋಮು ಹಿಡಿಯಿತು. ಅಲ್ಲೇ ದೊಡ್ಡ ನರ ಹಾಯುತ್ತದೆ. ಈಗ ಒಂದು ಜಾಗಕ್ಕೆ ಒಂದು ನಿಮಿಷ, ಅಷ್ಟೇ. ಬಾಲನ್ನೇ ನಂಬಿದ್ದರೆ ನನಗೆ ಗುಣ ಕಾಣುತ್ತಿರಲಿಲ್ಲ. ಹಾಗಂತ 70 ಕಿಲೋಮೀಟರ್ ದೂರದ ಬೆರಳನ್ನೇ ನಂಬಿಕೊಂಡೂ ಇರೋಕಾಗಲ್ಲ. ಎಂಟು ಸಲ ಹೋದೆ, ಎಂಟು ಸಲವೂ ರೈಲಲ್ಲಿ ಬಾಗಿಲ ಹತ್ತಿರ ನಿಂತೇ. ಸೀಟು ಬಿಟ್ಟುಕೊಟ್ಟದ್ದಕ್ಕೆ ಅಜ್ಜಿಯೊಬ್ಬರು ಹರಸಿದರು. ಪುಣ್ಯ ಬಂದದ್ದು ನೋವಿಂದ.

ಹಳೇ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆ, 10 ಮಿಲಿಗ್ರಾಂ, ಡಾಕ್ಟರೇ ಬರೆದುಕೊಟ್ಟಿದ್ದರು. ರಾತ್ರಿ ನಿದ್ದೆ ಚಿನ್ನ. ಬೆಳಿಗ್ಗೆ ಬಾಯಿ ಒಣಗಿ, ಕ್ವಿಂಟಾಲ್ ಜಾಗದಲ್ಲಿ ಕೆಜಿ ಬರೆದೆ. ಅವರನ್ನು ಕೇಳಿಯೇ ನಿಲ್ಲಿಸಿದೆ. ಬಿಸಿನೀರಿನ ಟಬ್ಬಿನಲ್ಲಿ ಕೂರುವುದು ಬಿಸಿನೀರಿನ ಚೀಲಕ್ಕಿಂತ ಎಷ್ಟೋ ಮೇಲು, ಆದರೆ ಆರಾಮ ಒಂದೆರಡು ಗಂಟೆಯದು. ನಡುವೆ ತೂತಿರುವ ರಿಂಗ್ ದಿಂಬು ನನಗೆ ನೋವು ಹೆಚ್ಚಿಸಿತು. ಹಿಂಭಾಗ ಕತ್ತರಿಸಿದ ದಿಂಬು ಬಾಲದ ಮೂಳೆಗೆ ಪರವಾಗಿಲ್ಲ.

ಎಲ್ಲಕ್ಕಿಂತ ಖರ್ಚಿಲ್ಲದೆ ಕೆಲಸ ಮಾಡಿದ್ದು ನಿಲ್ಲುವುದು. ಅಡಿಕೆ ಮೂಟೆ ಎದೆಮಟ್ಟ ಪೇರಿಸಿ, ಮೇಲೆ ಹಲಗೆ ಹಾಕಿ, ಖಾತೆ ಪುಸ್ತಕ ಅಲ್ಲೇ ಇಟ್ಟುಕೊಂಡೆ. ಮುಕ್ಕಾಲು ಗಂಟೆ ನಿಲ್ಲುವುದು, ಕಾಲು ಗಂಟೆ ಕೂರುವುದು. ನೋವು ಪೂರ್ತಿ ಹೋಗಿಲ್ಲ. ಮಾರ್ಚ್ ಲೆಕ್ಕದ ಹೊತ್ತಿಗೆ ನಿಂಬೆಹಣ್ಣು ವಾಪಸ್ ಬರುತ್ತದೆ, ಏಪ್ರಿಲ್‌ಗೆ ದ್ರಾಕ್ಷಿಯಷ್ಟಾಗುತ್ತದೆ. ರೇಟು ಏರಿದ ದಿನ ಮಾತ್ರ ಫಜೀತಿ. ಮಾಲೀಕರು ನನ್ನ ಮೇಜನ್ನೇ ಲಾರಿಗೆ ಹತ್ತಿಸಿಬಿಡುತ್ತಾರೆ.